ಮಗಳ ತಲೆಯ ಪೈಪಿಗೂ ಒಂದು ಕಾರ್ಡ್ ಕೊಡಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನಾನು ಘಟಪ್ರಭಾ ದಂಡೆಯ ಒಂದು ಹಳ್ಳಿಯವನು. ಹೊಲಗಳಿಗೆ ಡ್ರಿಪ್ ಕೂಡಿಸುವುದು, ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವುದು ನನ್ನ ಕೆಲಸ. ಪೈಪು, ವಾಲ್ವ್, ಫಿಲ್ಟರ್ ಇವುಗಳ ನಡುವೆಯೇ ಹದಿನೈದು ವರ್ಷ ಕಳೆದಿದ್ದೇನೆ. ನನ್ನ ಮಗಳ ತಲೆಯಲ್ಲೂ ಒಂದು ಪೈಪು, ಒಂದು ವಾಲ್ವ್ ಇದೆ. ಅದರ ಬಗ್ಗೆಯೇ ಈ ಪತ್ರ.

ಅವಳಿಗೆ ಈಗ ಆರು ವರ್ಷ. ಬಲಗಿವಿಯ ಹಿಂದೆ ಎರಡು ಕಡಲೆಕಾಳು ಕೂಡಿಸಿ ಇಟ್ಟಷ್ಟು ಉಬ್ಬು ಇದೆ. ಜಡೆ ಹಾಕುವಾಗ ನನ್ನ ಹೆಂಡತಿ ಬಾಚಣಿಗೆಯನ್ನು ಅಲ್ಲಿ ಸ್ವಲ್ಪ ಎತ್ತಿ ದಾಟಿಸುತ್ತಾಳೆ. ಆ ಉಬ್ಬೇ ವಾಲ್ವ್. ಅಲ್ಲಿಂದ ಒಂದು ಸಣ್ಣ ಸಿಲಿಕೋನ್ ನಳಿಕೆ ಕುತ್ತಿಗೆ, ಎದೆಯ ಚರ್ಮದ ಕೆಳಗೆ ಇಳಿದು ಹೊಟ್ಟೆಯೊಳಗೆ ಹೋಗುತ್ತದೆ. ಡಾಕ್ಟರುಗಳು ಇದನ್ನು ಶಂಟ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಪೈಪು ಅಂತಲೇ ಕರೆಯುತ್ತೇವೆ.

ಮೊದಲು ಗೊತ್ತಾಗಿದ್ದು ನಮ್ಮ ಅವ್ವನಿಗೆ, ಅದೂ ಕುಲಾವಿಯಿಂದ. ಕೂಸು ಹುಟ್ಟಿದ ತಿಂಗಳಿಗೆ ಅವ್ವ ಒಂದು ಕುಲಾವಿ ಹೊಲಿದಳು. ಹದಿನೈದು ದಿನಕ್ಕೆ ಬಿಗಿಯಾಯಿತು. ಇನ್ನೊಂದು ಹೊಲಿದಳು. ಅದೂ ಬಿಗಿಯಾಯಿತು. "ತಮ್ಮಾ, ಮೈ ಬೆಳೀವಲ್ದು, ತಲಿ ಅಷ್ಟ ಬೆಳ್ಯಾಕತ್ತೈತಿ, ನೋಡು" ಅಂದಳು. ಓಣಿಯವರು ನಕ್ಕರು. "ತಲಿ ದೊಡ್ಡದಿದ್ರ ಶ್ಯಾಣ್ಯಾಕಿ ಆಗ್ತಾಳ ತಗೋ" ಅಂದರು. ನಾನೂ ನಕ್ಕೆ ಅಂತ ಹೇಳಲು ಈಗ ನಾಚಿಕೆ.

ಆಮೇಲೆ ಕಣ್ಣು. ಕಣ್ಣಗುಡ್ಡೆ ಕೆಳಗೆ ಇಳಿದು, ಮೇಲೆ ಬಿಳಿ ಕಾಣತೊಡಗಿತು. ಮುಳುಗುವ ಸೂರ್ಯನ ಹಾಗೆ ಅಂತ ಡಾಕ್ಟರುಗಳೇ ಅದಕ್ಕೆ ಹೆಸರಿಟ್ಟಿದ್ದಾರಂತೆ. ನೆತ್ತಿ ಉಬ್ಬಿ ಬಿಗಿಯಾಗಿತ್ತು. ನಮ್ಮ ಆಶಾ ಅಕ್ಕ ಬಂದಾಗ ಅವ್ವ ಬಿಡದೆ ಟೇಪು ಹಿಡಿಸಿದಳು. ಎರಡು ತಿಂಗಳ ಕೂಸಿನ ತಲೆ 44 ಸೆಂಟಿಮೀಟರ್! ಹುಟ್ಟಿದಾಗ ಮಕ್ಕಳ ತಲೆಯ ಸುತ್ತಳತೆ ಸುಮಾರು 35 ಸೆಂಟಿಮೀಟರ್ ಇರುತ್ತದೆ. ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂಟಿಮೀಟರ್ ಬೆಳೆಯುತ್ತದೆ. ಆಮೇಲೆ ಇನ್ನೂ ನಿಧಾನ. ತಾಯಿ ಕಾರ್ಡಿನಲ್ಲಿ ತೂಕ ಬರೆದಷ್ಟು ಕಾಳಜಿಯಿಂದ ತಲೆಯ ಅಳತೆಯನ್ನು ಯಾರೂ ಬರೆಯುವುದಿಲ್ಲ. ಹತ್ತು ರೂಪಾಯಿ ಟೇಪಿನ ಕೆಲಸ ಅದು.

ನಾವು ಹೋದದ್ದು ದೊಡ್ಡ ಊರಿನ ಒಂದು ಆಸ್ಪತ್ರೆಗೆ. ನಮ್ಮ ಕಡೆಯವರಿಗೆ ಗೊತ್ತಲ್ಲ, ಮಿದುಳಿನ ಕೆಲಸ ಅಂದರೆ ಹುಬ್ಬಳ್ಳಿ, ಬೆಳಗಾವಿ, ಮಿರಜ್, ಸೋಲಾಪುರ, ಇಲ್ಲದಿದ್ದರೆ ನೇರ ಬೆಂಗಳೂರು. ಅಲ್ಲಿ ಒಬ್ಬ ಡಾಕ್ಟರು ಪೆನ್ನಿನಿಂದ ಚಿತ್ರ ಬರೆದು ತಿಳಿಸಿದರು. ಮಿದುಳಿನೊಳಗೆ ನೀರಿನಂಥ ದ್ರವ ಸದಾ ಊರುತ್ತಿರುತ್ತದೆ. ದೊಡ್ಡವರಲ್ಲಿ ದಿನಕ್ಕೆ ಹೆಚ್ಚುಕಡಿಮೆ ಅರ್ಧ ಲೀಟರ್. ಒಳಗೆ ಒಂದು ಹೊತ್ತಿಗೆ ನಿಲ್ಲುವುದು ಬರೀ 150 ಮಿಲಿಲೀಟರ್. ಅಂದರೆ ದಿನಕ್ಕೆ ಮೂರ್ನಾಲ್ಕು ಸಲ ಹಳೆಯದು ಹೋಗಿ ಹೊಸದು ತುಂಬುತ್ತದೆ. ನನ್ನ ಮಗಳಿಗೆ ಆ ನೀರು ಹರಿಯುವ ಸಣ್ಣ ಕಾಲುವೆ ಹುಟ್ಟಿನಿಂದಲೇ ಇಕ್ಕಟ್ಟು. ನೀರು ಊರುವುದು ನಿಲ್ಲುವುದಿಲ್ಲ, ಹೋಗಲು ದಾರಿಯಿಲ್ಲ. ಒಡ್ಡು ಕಟ್ಟಿದ ಹೊಲದ ಕಥೆ. ನನಗೆ ಬೇಗ ತಿಳಿಯಿತು.

"ದುರ್ಬೀನು ಹಾಕಿ ಒಳಗೇ ತೂತು ಮಾಡಿ ದಾರಿ ಬಿಡಿಸೋದೂ ಇದೆ. ಆದರೆ ಇಷ್ಟು ಸಣ್ಣ ಕೂಸಿಗೆ ಅದು ಫೇಲಾಗೋದು ಜಾಸ್ತಿ. ಪೈಪು ಹಾಕೋಣ" ಅಂದರು. ಹಾಕಿದರು. ಚೆನ್ನಾಗಿಯೇ ಹಾಕಿದರು. ಮರುದಿನ ಬೆಳಿಗ್ಗೆ ಕೂಸು ಕಣ್ಣು ಮೇಲೆತ್ತಿ ಫ್ಯಾನ್ ನೋಡಿತು. ಅವ್ವ ಅಳುತ್ತಲೇ ಇದ್ದಳು.

ಡಿಸ್ಚಾರ್ಜ್ ಆಗುವಾಗ ಕೈಗೆ ನಾಲ್ಕು ಹಾಳೆ ಬಂದವು. ಎಲ್ಲ ಇಂಗ್ಲಿಷಿನಲ್ಲಿ. ಔಷಧಿ ಯಾವಾಗ ಕೊಡಬೇಕು ಅಂತ ಸಿಸ್ಟರ್ ಹೇಳಿದರು. ಹೊಲಿಗೆ ಬಿಚ್ಚಲು ಯಾವಾಗ ಬರಬೇಕು ಅಂತ ಹೇಳಿದರು. ಪೈಪು ಕಟ್ಟಿದರೆ ಹೇಗೆ ಗೊತ್ತಾಗುತ್ತದೆ ಅಂತ ಯಾರೋ ಹೇಳಿರಲೂಬಹುದು, ಆ ಗದ್ದಲದಲ್ಲಿ ನಮ್ಮ ಕಿವಿಗೆ ಬಿದ್ದಿರಲಿಕ್ಕಿಲ್ಲ. ಆಪರೇಷನ್ ಆಯಿತು, ಕಥೆ ಮುಗಿಯಿತು ಅಂತ ಊರಿಗೆ ಬಂದು ಹನುಮಪ್ಪನಿಗೆ ಕಾಯಿ ಒಡೆಸಿದೆವು.

ಕಥೆ ಮುಗಿದಿರಲಿಲ್ಲ. ಮಕ್ಕಳಿಗೆ ಹಾಕಿದ ಶಂಟ್‌ಗಳಲ್ಲಿ ಹತ್ತಕ್ಕೆ ಮೂರು ನಾಲ್ಕು ಮೊದಲ ವರ್ಷದಲ್ಲೇ ಕೈಕೊಡುತ್ತವೆ, ಎರಡು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ. ಇದು ನಮ್ಮ ಊರಿನ ಲೆಕ್ಕವಲ್ಲ, ದೊಡ್ಡ ದೊಡ್ಡ ದೇಶಗಳ ದೊಡ್ಡ ಆಸ್ಪತ್ರೆಗಳ ಲೆಕ್ಕ. ನನಗೆ ಇದು ಗೊತ್ತಾದದ್ದು ನಾಲ್ಕು ವರ್ಷ ತಡವಾಗಿ.

ಎರಡು ವರ್ಷದ ಹಿಂದೆ, ಪಂಚಮಿ. ಮನೆ ತುಂಬ ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿಟ್ಟು. ಬೇವಿನ ಮರಕ್ಕೆ ಜೋಕಾಲಿ. ಮಗಳು ಇಡೀ ದಿನ ಜೋಕಾಲಿ ಬಿಟ್ಟು ಇಳಿಯಲಿಲ್ಲ. ಮರುದಿನ ನಸುಕಿಗೆ ಎದ್ದು ವಾಂತಿ ಮಾಡಿದಳು. ತಲೆ ನೋವು ಅಂದಳು. ಉಂಡಿ ಜಾಸ್ತಿ ಆಯಿತು, ಜೋಕಾಲಿ ಆಡಿ ತಲೆ ತಿರುಗಿದೆ ಅಂದುಕೊಂಡೆವು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಮಧ್ಯಾಹ್ನ ಆರಾಮಾದಳು. ಮರುದಿನ ನಸುಕಿಗೆ ಮತ್ತೆ ವಾಂತಿ.

ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ. ಅಲ್ಲಿ ಆ ದಿನ ಒಬ್ಬರೇ ಡಾಕ್ಟರು, ಹೊರಗೆ ಅರವತ್ತು ಎಪ್ಪತ್ತು ಜನ. "ಪಂಚಮಿ ಅಲ್ರೀ, ಎಲ್ಲಾ ಹುಡುಗರಿಗೂ ಇದ ಆಗೇತಿ" ಅಂದರು. ಒಂದು ಇಂಜೆಕ್ಷನ್, ಓಆರ್‌ಎಸ್ ಪ್ಯಾಕೆಟ್. ನಾನು "ಸಾಹೇಬ್ರ, ಕೂಸಿದ್ದಾಗ ತಲಿ ಆಪರೇಷನ್ ಆಗೇತ್ರೀ" ಅಂದೆ. "ಅದು ಆಗಿ ನಾಕು ವರ್ಷ ಆತಲ್ರೀ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನು ಹೇಳಬೇಕಾದ ಮಾತನ್ನು ಸರಿಯಾಗಿ ಹೇಳಲಿಲ್ಲ. ಪೈಪು ಅನ್ನುವ ಶಬ್ದವೇ ನನ್ನ ಬಾಯಿಂದ ಬರಲಿಲ್ಲ.

ಅವಳಿಗೆ ಭೇದಿ ಆಗಿರಲಿಲ್ಲ. ಹೊಟ್ಟೆ ಕೆಟ್ಟರೆ ಸಾಮಾನ್ಯವಾಗಿ ಎರಡೂ ಇರುತ್ತವೆ. ನಸುಕಿನಲ್ಲಿ ತಲೆನೋವು, ವಾಂತಿ, ಭೇದಿ ಇಲ್ಲ, ಜ್ವರ ಇಲ್ಲ. ಈಗ ಈ ನಾಲ್ಕು ಮಾತು ನನಗೆ ಬಾಯಿಪಾಠ. ಆಗ ಗೊತ್ತಿರಲಿಲ್ಲ.

ಮೂರನೆಯ ದಿನ ಸಂಜೆ ಮಗಳು ಕರೆದರೆ ಓಗೊಡಲಿಲ್ಲ. ನಿದ್ದೆ ಅಂದುಕೊಂಡು ನನ್ನ ಹೆಂಡತಿ ಹೊದಿಕೆ ಹಾಕಿದಳು. ಎಬ್ಬಿಸಿದರೆ ಕಣ್ಣು ಅರೆ ತೆರೆದು ಮತ್ತೆ ಮುಚ್ಚಿತು. ಕಬ್ಬಿನ ಗದ್ದೆಯಿಂದ ನಾನು ಕೆಸರಿನ ಕಾಲಲ್ಲೇ ಗಾಡಿ ಹತ್ತಿದೆ. ಅಲ್ಲಿಂದ ಒಂದು ಊರಿಗೆ, ಅಲ್ಲಿ ನ್ಯೂರೋಸರ್ಜನ್ ಇಲ್ಲ ಅಂತ ಇನ್ನೊಂದು ಊರಿಗೆ. ಸಿಟಿ ಸ್ಕ್ಯಾನ್ ಆಯಿತು. ಡಾಕ್ಟರು ಫಿಲ್ಮ್ ಹಿಡಿದು ಕೇಳಿದ ಮೊದಲ ಪ್ರಶ್ನೆ: "ಹಳೇ ಸ್ಕ್ಯಾನ್ ಎಲ್ಲಿ?" ಪೈಪು ಸರಿಯಿದ್ದಾಗ ಮಿದುಳಿನೊಳಗೆ ಆ ನೀರು ನಿಲ್ಲುವ ಕೋಣೆಗಳು ಎಷ್ಟು ದೊಡ್ಡದಿದ್ದವು ಅಂತ ಗೊತ್ತಿದ್ದರೆ ಈಗ ಹಿಗ್ಗಿವೆಯೋ ಇಲ್ಲವೋ ಹೇಳಬಹುದು. ಪ್ರತಿ ಮಗುವಿಗೂ ಆ ಅಳತೆ ಬೇರೆ. ಹಳೆಯ ಫಿಲ್ಮ್ ನಮ್ಮ ಮನೆಯ ಟ್ರಂಕಿನಲ್ಲಿ, ಮದುವೆ ಸೀರೆಯ ಕೆಳಗೆ ಜೋಪಾನವಾಗಿತ್ತು.

ರಾತ್ರಿ ಒಂದೂವರೆಗೆ ಆಪರೇಷನ್. ತೆಗೆದ ಹಳೆಯ ನಳಿಕೆಯ ತುದಿಯನ್ನು ಡಾಕ್ಟರು ನನಗೆ ತೋರಿಸಿದರು. ತುದಿಯಲ್ಲಿ ಸಾಲಾಗಿ ಸಣ್ಣ ಸಣ್ಣ ತೂತು. ಅದರೊಳಗೆ ಎಳೆ ಎಳೆಯಾಗಿ ಏನೋ ಬೆಳೆದು ಹೆಣೆದುಕೊಂಡಿತ್ತು. ನೀರು ಊರಿಸುವ ಆ ಜೀವಪದರವೇ ತೂತಿನೊಳಗೆ ನುಗ್ಗಿ ಬಾಯಿ ಮುಚ್ಚಿತ್ತು. ಮಣ್ಣಿನೊಳಗೆ ಹೂತ ಡ್ರಿಪ್ ಲೈನಿಗೆ ಕಬ್ಬಿನ ಬೇರು ಹೊಕ್ಕರೆ ಹೀಗೇ ಕಾಣುತ್ತದೆ. ಇಂಥ ಪೈಪನ್ನು ನಾನು ನೂರಾರು ಸಲ ಕತ್ತರಿಸಿ ತೆಗೆದಿದ್ದೇನೆ. ಅಂದು ಮಾತ್ರ ಕಾಲಲ್ಲಿ ಶಕ್ತಿ ಇರಲಿಲ್ಲ.

ಮಗಳು ಉಳಿದಳು. ಎಡಗಣ್ಣಿನ ದೃಷ್ಟಿ ಮಂದವಾಯಿತು. ಒಳಗಿನ ಒತ್ತಡ ಬಹಳ ಹೊತ್ತು ಉಳಿದರೆ ಕಣ್ಣಿನ ನರಕ್ಕೆ ಪೆಟ್ಟು ಬೀಳುತ್ತದಂತೆ. ಈಗ ಅಂಗಡಿ ಬೋರ್ಡು ಓದುವಾಗ ಕತ್ತು ಎಡಕ್ಕೆ ತಿರುಗಿಸಿ ಬಲಗಣ್ಣು ಮುಂದೆ ತರುತ್ತಾಳೆ. ಸಾಲೆಯಲ್ಲಿ ಮೊದಲ ಸಾಲು.

ಊರಲ್ಲಿ ಮಾತು ಶುರುವಾಯಿತು. "ಸೋವಿ ಪೈಪು ಹಾಕ್ಸಿದಿ, ಅದಕ್ಕ ಕಟ್ಟಿತು" ಅಂತ ನಮ್ಮ ಸೋದರಮಾವ ಎಲ್ಲರ ಎದುರಿಗೇ ಅಂದ. ಆ ಮಾತು ಬಹಳ ದಿನ ಚುಚ್ಚಿತು. ಆಮೇಲೆ ಓದಿ ತಿಳಿದುಕೊಂಡೆ. ನಮ್ಮ ದೇಶದಲ್ಲಿ ಬಹಳ ಮಕ್ಕಳಿಗೆ ಹಾಕುವುದು ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟ್. ಉಗಾಂಡಾದಲ್ಲಿ 195 ಮಕ್ಕಳಲ್ಲಿ ಈ ಶಂಟನ್ನು ದುಬಾರಿ ವಿದೇಶಿ ಶಂಟ್ ಜೊತೆ ಹೋಲಿಸಿ ನೋಡಿದರು. 2005ರಲ್ಲಿ ಫಲಿತಾಂಶ ಬಂತು. ವರ್ಷದ ನಂತರ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ದುಬಾರಿಯದೂ ಕಟ್ಟುತ್ತದೆ. ಮಾವನಿಗೆ ಇದನ್ನು ಹೇಳಿದೆ. "ಹಂಗಂದ್ರ ಮಿದುಳಿನ್ಯಾಗ ಫಿಲ್ಟರ್ ಕೂಡ್ಸಾಕ ಬರೂದಿಲ್ಲನು?" ಅಂದ. ಸಾವಿರ ರೂಪಾಯಿ ಪ್ರಶ್ನೆ, ಉತ್ತರ ಕಂಡುಹಿಡಿದವರು ಇನ್ನೂ ಯಾರೂ ಇಲ್ಲ.

ಹೀಗೆ ಓದುವಾಗಲೇ ಇನ್ನೊಂದು ಸಂಗತಿ ಸಿಕ್ಕಿತು. ಈ ವಾಲ್ವ್ ಕೆಲಸಕ್ಕೆ ಬರುವಂತೆ ಮಾಡಿದವರಲ್ಲಿ ಒಬ್ಬ ಡಾಕ್ಟರೇ ಅಲ್ಲ. ಅಮೆರಿಕದ ಜಾನ್ ಹೋಲ್ಟರ್, ಬೀಗ ತಯಾರಿಸುವ ಕಂಪನಿಯ ಮೆಕ್ಯಾನಿಕ್. 1955ರಲ್ಲಿ ಹುಟ್ಟಿದ ಅವನ ಮಗನಿಗೂ ಇದೇ ತೊಂದರೆ. ಆಗ ಪೈಪಿನ ತುದಿಯನ್ನು ರಕ್ತನಾಳಕ್ಕೆ ಬಿಡುತ್ತಿದ್ದರು. ನೀರು ಒಂದೇ ಕಡೆ ಹೋಗಬೇಕು, ರಕ್ತ ಹಿಂದೆ ಬರಬಾರದು. ಮನೆಯಲ್ಲೇ ಕೂತು ಸಿಲಿಕೋನಿನ ವಾಲ್ವ್ ಮಾಡಿದ. ಮಗ ಹೆಚ್ಚು ವರ್ಷ ಬದುಕಲಿಲ್ಲ. ನನಗಂತೂ ಅವನು ನಮ್ಮ ಪೈಕಿಯವನೇ ಅನಿಸಿತು. ನಾನೂ ದಿನಾ ಕೂಡಿಸುವುದು ಅದೇ ಒಮ್ಮುಖ ವಾಲ್ವ್, ಬೋರಿನ ಪೈಪಿಗೆ.

ಪೈಪು ಕಟ್ಟುವುದೊಂದೇ ತೊಂದರೆ ಅಲ್ಲ. ಅದೇ ವಾರ್ಡಿನಲ್ಲಿ ಇಂಡಿ ಕಡೆಯ ಒಂದು ಕುಟುಂಬ ಇತ್ತು. ಐದು ತಿಂಗಳ ಗಂಡು ಕೂಸು. ಶಂಟ್ ಹಾಕಿ ತಿಂಗಳಾಗಿತ್ತು. ಜ್ವರ ಬಂತು, ಕುತ್ತಿಗೆಯ ಮೇಲೆ ಪೈಪು ಹೋದ ದಾರಿಯುದ್ದಕ್ಕೂ ಕೆಂಪಗೆ ಬಾತಿತ್ತು. ಊರಲ್ಲಿ ಯಾರೋ ಹೇಳಿದರು ಅಂತ ಕೂಸಿನ ಹೊಟ್ಟೆಗೆ ಚುಟಿಗೆ ಹಾಕಿಸಿದ್ದರು. ಕಾಯಿಸಿದ ಬಳೆಯ ಗುರುತು, ಪೈಪು ಹೋಗುವ ಜಾಗದ ಪಕ್ಕದಲ್ಲೇ. ಸೋಂಕು ಅದರಿಂದಲೇ ಬಂತು ಅಂತ ಹೇಳಲಾರೆ. ಬಹಳ ಸಲ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಆಪರೇಷನ್ ಹೊತ್ತಿನಲ್ಲೇ ಪೈಪಿಗೆ ಅಂಟಿಕೊಂಡು, ಮೊದಲ ಕೆಲವು ತಿಂಗಳಲ್ಲಿ ತಲೆ ಎತ್ತುತ್ತದೆ. ಒಮ್ಮೆ ಪೈಪಿಗೆ ಹತ್ತಿದರೆ ಬರೀ ಔಷಧಿಗೆ ಜಗ್ಗುವುದಿಲ್ಲ. ಇಡೀ ಪೈಪನ್ನೇ ತೆಗೆಯಬೇಕು. ಆ ಕೂಸಿನ ತಲೆಯಿಂದ ಹೊರಗಿನ ಚೀಲಕ್ಕೆ ನೀರು ಬಿಟ್ಟಿದ್ದರು. ಚೀಲ ಇಷ್ಟೇ ಎತ್ತರಕ್ಕೆ ಇರಬೇಕು. ಕೆಳಗಾದರೆ ನೀರು ಜಾಸ್ತಿ ಹರಿಯುತ್ತದೆ, ಮೇಲಾದರೆ ನಿಲ್ಲುತ್ತದೆ. ತಾಯಿ ಕೂಸನ್ನು ಎತ್ತಿ ಹಾಲು ಕೊಡಬೇಕಾದರೆ ಮೊದಲು ಸಿಸ್ಟರನ್ನು ಕರೆದು ಕ್ಲಾಂಪ್ ಹಾಕಿಸಬೇಕು. ಎರಡು ವಾರ ಆಕೆ ಹಾಗೆ ಕೂತಿದ್ದಳು. ಆಮೇಲೆ ಮತ್ತೊಂದು ಶಂಟ್, ಇನ್ನೊಂದು ಬದಿಗೆ.

ಬ್ರಿಟನ್, ಐರ್ಲೆಂಡಿನಲ್ಲಿ ಸುಮಾರು 1600 ಜನರ ಮೇಲೆ ನಡೆದ ಪರೀಕ್ಷೆ ಒಂದಿದೆ, ಫಲಿತಾಂಶ ಬಂದದ್ದು 2019ರಲ್ಲಿ. ಸಾಮಾನ್ಯ ಪೈಪು ಹಾಕಿಸಿಕೊಂಡವರಲ್ಲಿ ನೂರಕ್ಕೆ 6 ಜನರಿಗೆ ಸೋಂಕಾಯಿತು. ಆಂಟಿಬಯೋಟಿಕ್ ಸೇರಿಸಿದ ಪೈಪಾದರೆ 2 ಜನರಿಗೆ. ಅದು ದುಬಾರಿ. ಅದನ್ನು ಕೊಡಿಸಿ ಅಂತ ಇವತ್ತು ಕೇಳುತ್ತಿಲ್ಲ. ಆದರೆ ಒಂದು ಸೋಂಕಿಗೆ ಎರಡು ಹೆಚ್ಚಿನ ಆಪರೇಷನ್, ಮೂರು ವಾರ ವಾರ್ಡು ಅಂತ ಲೆಕ್ಕ ಹಾಕಿದರೆ ಯಾವುದು ಸೋವಿ ಅಂತ ನಿಮ್ಮ ಇಲಾಖೆಯ ಲೆಕ್ಕದವರು ಒಮ್ಮೆ ಕೂತು ನೋಡಲಿ.

ಉಳಿದವನ್ನು ಬೇಗ ಹೇಳುತ್ತೇನೆ. ಮಗು ನಿಂತಾಗ ಸೈಫನ್ ಹಾಗೆ ನೀರು ಜಾಸ್ತಿ ಹರಿದು ತಲೆಬುರುಡೆಯೊಳಗೆ ರಕ್ತ ಕೂಡಬಹುದು. ಮಗು ಉದ್ದ ಬೆಳೆದಂತೆ ಪೈಪು ಗಿಡ್ಡವಾಗಿ ಹೊಟ್ಟೆಯಿಂದ ಮೇಲೆ ಸರಿಯಬಹುದು. ಜೋಡಣೆ ಬಿಚ್ಚಬಹುದು. ಹೊಟ್ಟೆಯಲ್ಲಿ ತುದಿಯ ಸುತ್ತ ನೀರು ಗಂಟುಕಟ್ಟಬಹುದು.

ಇದನ್ನೆಲ್ಲ ಓದಿ ಯಾರೂ ಶಂಟ್ ಬೇಡ ಅನ್ನಬಾರದು. "ಪೈಪು ಹಾಕ್ಸಿದ್ರ ಹುಡುಗ್ರು ಉಳಿಯೂದಿಲ್ಲ" ಅನ್ನುವವರು ನಮ್ಮ ಕಡೆ ಬಹಳ ಇದ್ದಾರೆ. ಕೂಸಿಗೆ ಬೇಕಾದಾಗ ಹಾಕಿಸದಿದ್ದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿಲ್ಲ. ನನ್ನ ಮಗಳು ಇವತ್ತು ಎರಡರ ಮಗ್ಗಿಯಿಂದ ಹತ್ತರ ಮಗ್ಗಿವರೆಗೆ ತಡವರಿಸದೆ ಹೇಳುತ್ತಾಳೆ. ಅದು ಆ ಪೈಪಿನಿಂದಲೇ.

ಈಗ ನನ್ನ ಬೇಡಿಕೆ.

ಒಬ್ಬ ರೈತನಿಗೆ ಸಬ್ಸಿಡಿ ಡ್ರಿಪ್ ಕೂಡಿಸಿದರೆ ನಾನು ಏನೇನು ಕೊಡಬೇಕು ಗೊತ್ತೇ? ಬಿಲ್ಲು, ಹೊಲದ ನಕ್ಷೆ, ಯಾವ ಪೈಪು ಎಲ್ಲಿ ಹೋಗಿದೆ ಅನ್ನುವ ಚಿತ್ರ, ಫೋಟೋ, ವಾರಂಟಿ ಕಾರ್ಡ್, ನನ್ನ ಫೋನ್ ನಂಬರು. ಡ್ರಿಪ್ ಕಟ್ಟಿದರೆ ರೈತ ಆ ಕಾರ್ಡ್ ಹಿಡಿದು ನನ್ನ ಅಂಗಡಿಗೆ ಬರುತ್ತಾನೆ. ಐದು ನಿಮಿಷದಲ್ಲಿ ಯಾವ ಮೇಕು, ಯಾವ ಸೈಜು, ಯಾವಾಗ ಹಾಕಿದ್ದು ಎಲ್ಲ ತಿಳಿಯುತ್ತದೆ. ಕಬ್ಬಿಗೆ ಇರುವ ಈ ವ್ಯವಸ್ಥೆ ನನ್ನ ಮಗಳಿಗೆ ಇರಲಿಲ್ಲ.

ಶಂಟ್ ಹಾಕಿಸಿಕೊಂಡ ಪ್ರತಿ ಮಗುವಿಗೆ ಕನ್ನಡದಲ್ಲಿ ಒಂದು ಕಾರ್ಡ್ ಕೊಡಿ. ಅಷ್ಟೇ. ಆಸ್ಪತ್ರೆ ಸರ್ಕಾರದ್ದಿರಲಿ, ಖಾಸಗಿ ಇರಲಿ, ಗಡಿಯಾಚೆ ಮಿರಜಿನಲ್ಲೇ ಆಪರೇಷನ್ ಆಗಿರಲಿ, ಊರಿಗೆ ಬಂದ ಮೇಲೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ತುಂಬಿಸಿಕೊಡಲಿ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ನಿಮ್ಮ ಆರ್‌ಬಿಎಸ್‌ಕೆ ತಂಡದ ಗಾಡಿ ಹೇಗೂ ಅಂಗನವಾಡಿಗೂ ಸಾಲೆಗೂ ಬರುತ್ತದೆ. ತಾಲೂಕಿನಲ್ಲಿ ಇಂಥ ಮಕ್ಕಳು ಎಷ್ಟಿದ್ದಾರೆ ಅಂತ ಅವರೇ ಬರೆದಿಟ್ಟುಕೊಳ್ಳಬಹುದು. ಅದೇ ಕಾರ್ಡಿನ ದೊಡ್ಡ ಪ್ರತಿ ತಾಲೂಕು ಆಸ್ಪತ್ರೆಯ ತುರ್ತು ಕೋಣೆಯ ಗೋಡೆಗೆ ಇರಲಿ. ರಾತ್ರಿ ಡ್ಯೂಟಿಯ ಹೊಸ ಡಾಕ್ಟರಿಗೂ ಅದು ಕಣ್ಣಿಗೆ ಬೀಳಬೇಕು. ಆ ರಾತ್ರಿ ಯಾವ ಊರಿನಲ್ಲಿ ನ್ಯೂರೋಸರ್ಜನ್ ಇದ್ದಾರೆ ಅನ್ನುವುದು 108ರವರಿಗೆ ಗಾಡಿ ಹೊರಡುವ ಮೊದಲೇ ಗೊತ್ತಿರಬೇಕು. ನಾವು ಅಂದು ತಪ್ಪು ಊರಿಗೆ ಹೋಗಿ ಎರಡು ತಾಸು ಕಳೆದುಕೊಂಡೆವು.

ಇನ್ನೊಂದು ಸಣ್ಣ ಮಾತು. ಆಯುಷ್ಮಾನ್ ಕಾರ್ಡಿನ ಕೌಂಟರಿನಲ್ಲಿ "ಇದೇ ಆಪರೇಷನ್ ಮೊದಲೇ ಆಗಿದೆಯಲ್ಲ, ಮತ್ತೆ ಯಾಕೆ?" ಅಂತ ಕೇಳಿದರು. ಮಗಳು ಒಳಗೆ ಪ್ರಜ್ಞೆ ಇಲ್ಲದೆ ಮಲಗಿದ್ದಳು. ಕಟ್ಟಿದ ಪೈಪು ಬದಲಿಸುವುದು ಮಾಮೂಲಿ, ಅದು ತುರ್ತು ಕೆಲಸ ಅಂತ ಆ ಕೌಂಟರಿನವರಿಗೂ ಒಂದು ಸುತ್ತೋಲೆ ಹೋಗಲಿ.

ಸರ್ಕಾರದ ಕಾರ್ಡ್ ಬರುವವರೆಗೆ ಅಂತ ನಾನೇ ಒಂದು ಮಾಡಿಕೊಂಡಿದ್ದೇನೆ. ನಮ್ಮ ಡಾಕ್ಟರ ಹತ್ತಿರ ಕೂತು ಬರೆಸಿ, ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಿದೆ. ಇಪ್ಪತ್ತು ರೂಪಾಯಿ ಆಯಿತು. ಮಗಳ ಸಾಲೆ ಚೀಲದಲ್ಲಿ ಒಂದು, ಟೀಚರ ಟೇಬಲ್ಲಿನಲ್ಲಿ ಒಂದು, ನನ್ನ ಗಾಡಿಯಲ್ಲಿ ಒಂದು. ಅದರಲ್ಲಿ ಇರುವುದು ಇಷ್ಟು:

"ಈ ಮಗುವಿನ ತಲೆಯಿಂದ ಹೊಟ್ಟೆಗೆ ಶಂಟ್ ಇದೆ, ಬಲಗಡೆ. ವಾಲ್ವ್ ಮೀಡಿಯಂ ಪ್ರೆಶರ್. ವಾಂತಿ, ತಲೆನೋವು, ಅತಿ ನಿದ್ದೆ, ಕಣ್ಣು ಕೆಳಗಿಳಿಯುವುದು, ಫಿಟ್ಸ್, ಇವುಗಳಲ್ಲಿ ಯಾವುದೇ ಕಂಡರೂ ಬೇರೆ ಕಾರಣ ಖಾತ್ರಿ ಆಗುವವರೆಗೆ ಶಂಟ್ ಕಟ್ಟಿದೆ ಅಂತಲೇ ತಿಳಿಯಿರಿ. ಜ್ವರ ಇದ್ದು ಪೈಪಿನ ದಾರಿ ಕೆಂಪಾಗಿದ್ದರೆ ಸೋಂಕು ಇರಬಹುದು. ಕಾಯಬೇಡಿ. ನ್ಯೂರೋಸರ್ಜನ್ ಇರುವಲ್ಲಿಗೆ ಕಳಿಸಿ. ಶಂಟ್ ಸರಿಯಿದ್ದಾಗಿನ ಸ್ಕ್ಯಾನ್ ಫೋಟೋ ತಂದೆಯ ಮೊಬೈಲಿನಲ್ಲಿದೆ."

ಕೆಳಗೆ ಆಪರೇಷನ್ ಆದ ಎರಡು ದಿನಾಂಕ, ನನ್ನ ನಂಬರು, ನನ್ನ ಹೆಂಡತಿಯ ನಂಬರು. ಹಿಂದೆ ಒಂದು ಚಿತ್ರ, ಮಗಳೇ ಬರೆದದ್ದು. ಒಬ್ಬ ಹುಡುಗಿ, ಕಿವಿಯಿಂದ ಹೊಟ್ಟೆಗೆ ಒಂದು ನೀಲಿ ಗೆರೆ. ಗೆರೆಯ ತುದಿಗೆ ಒಂದು ಗಿಡ ಬರೆದಿದ್ದಾಳೆ, ಅಪ್ಪನ ಡ್ರಿಪ್ ನೋಡಿ.

ಎಲ್ಲ ವಾಂತಿಯೂ ಶಂಟಿನಿಂದಲ್ಲ, ಅದು ನನಗೂ ಗೊತ್ತು. ಕಳೆದ ಚಳಿಗಾಲದಲ್ಲಿ ಎರಡು ಸಲ ಕಾರ್ಡ್ ಹಿಡಿದು ಓಡಿದೆ. ಎರಡು ಸಲವೂ ಬರೀ ಹೊಟ್ಟೆಯ ತೊಂದರೆ. ಡಾಕ್ಟರು ಬೈಯಲಿಲ್ಲ. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು.

ಈ ಪತ್ರದ ಜೊತೆ ಆ ಕಾರ್ಡಿನ ಜೆರಾಕ್ಸ್ ಇಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿಸಿ. ಮುದ್ರಣಕ್ಕೆ ಹಣ ಇಲ್ಲ ಅಂತಾದರೆ ಮೊದಲ ನೂರು ಕಾರ್ಡಿನ ಖರ್ಚು ನನ್ನದು, ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡುವ ಹುಡುಗ ಒಪ್ಪಿದ್ದಾನೆ. ಇಲಾಖೆಯ ಒಂದು ಸೀಲು ಮತ್ತು ಸಹಿ ಮಾತ್ರ ನಿಮ್ಮಿಂದ ಬೇಕು.

ಇಂತಿ,
ಒಬ್ಬ ಡ್ರಿಪ್ ಫಿಟ್ಟರ್, ಬಾಗಲಕೋಟೆ ಜಿಲ್ಲೆ